ಮುಖ ನಟಿಯದು, ಪಟ ಯಾರದು?

1880ರ ಸುಮಾರಿನ ಲಂಡನ್. ಬೀದಿಯ ಗ್ಯಾಸ್ ದೀಪಗಳನ್ನು ಹಚ್ಚುವ ಹೊತ್ತು. ರೀಜೆಂಟ್ ಸ್ಟ್ರೀಟಿನ ಅಂಗಡಿಯೊಂದರ ಗಾಜಿನ ಕಿಟಕಿಗೆ ಜನ ಮುತ್ತಿಕೊಂಡಿದ್ದಾರೆ. ಕಚೇರಿ ಬಿಟ್ಟ ಗುಮಾಸ್ತ, ಬುಟ್ಟಿ ಹಿಡಿದ ಮನೆಗೆಲಸದ ಹುಡುಗಿ, ಸುತ್ತುಬಳಸಿ ಮನೆಗೆ ಹೊರಟ ಶಾಲಾ ಹುಡುಗರು, ನೋಡಿಯೂ ನೋಡದವರಂತೆ ನಿಂತ ಎತ್ತರದ ಟೋಪಿಯ ಗೃಹಸ್ಥರು. ಒಳಗೆ ಸಾಲುಸಾಲಾಗಿ ಪಟಗಳು. ರಾಣಿ ವಿಕ್ಟೋರಿಯಾ, ಆಕೆಯ ಪಕ್ಕ ಒಬ್ಬ ಬಿಷಪ್, ಬಿಷಪ್ಪರ ಭುಜಕ್ಕೆ ಭುಜ ತಾಗಿಸಿದಂತೆ ನಾಟಕದ ನಟಿ, ಅವಳಾಚೆ ಯುದ್ಧ ಗೆದ್ದು ಬಂದ ಜನರಲ್ಲು.

ಬಿಷಪ್ಪರಿಗೆ ಈ ನೆರೆಹೊರೆ ಹಿಡಿಸಿರಲಾರದು. ಅಂಗಡಿಯವನಿಗೆ ಅದರ ಚಿಂತೆಯಿಲ್ಲ. ಕಿಟಕಿಯಲ್ಲಿ ಯಾವ ಪಟದ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆಂಬುದು ಅವನಿಗೆ ಗೊತ್ತು.

ಕಂದುಬಣ್ಣಕ್ಕೆ ತಿರುಗಿದ, ದಪ್ಪ ರಟ್ಟಿಗೆ ಅಂಟಿಸಿದ ಈ ಪಟಗಳನ್ನು ನಾವೂ ಪುಸ್ತಕಗಳಲ್ಲಿ, ಮ್ಯೂಸಿಯಮ್ಮುಗಳಲ್ಲಿ ನೋಡಿದ್ದೇವೆ. ಕೈಯಲ್ಲಿ ಕಠಾರಿ, ಕಣ್ಣಲ್ಲಿ ದುಃಖ, ಹಿಂದೆ ಒಂದು ಕಂಬ. ಆ ಕಾಲದ ನಾಟಕ ಹೀಗಿತ್ತು ಎಂದುಕೊಂಡು ಮುಂದೆ ಹೋಗುತ್ತೇವೆ. ಆದರೆ ಇವುಗಳಲ್ಲಿ ರಂಗದ ಮೇಲೆ ತೆಗೆದದ್ದು ಬಹುತೇಕ ಒಂದೂ ಇಲ್ಲ. ಹಗಲು ಹೊತ್ತಿನಲ್ಲಿ, ಪ್ರೇಕ್ಷಕರೇ ಇಲ್ಲದ ಮಾಳಿಗೆಯಲ್ಲಿ, ಒಂದು ಪೆಟ್ಟಿಗೆಯ ಎದುರು ಆಡಿದ ಬೇರೆಯೇ ಆಟ ಅದು. ಆ ಆಟದಲ್ಲಿ ಮುಖ ಒಬ್ಬರದು, ಮಾಲು ಇನ್ನೊಬ್ಬರದು. ಮುಖದ ಒಡೆತನದ ಬಗ್ಗೆ ಇವತ್ತು ಕೋರ್ಟುಗಳಲ್ಲಿ ನಡೆಯುವ ವಾದಗಳ ಬೇರನ್ನು ಹುಡುಕಿಕೊಂಡು ಹೋದರೆ ತಲುಪುವುದು ಈ ನಟನಟಿಯರ ಪಟಗಳನ್ನೇ.

ಅಂಗೈಯಗಲದ ಕಾರ್ಡು

ಛಾಯಾಚಿತ್ರ ಹುಟ್ಟಿದ ಹೊಸತರಲ್ಲಿ ನಟರಿಗೆ ಅದರಿಂದ ದೊಡ್ಡ ಪ್ರಯೋಜನವೇನೂ ಇರಲಿಲ್ಲ. 1839ರಲ್ಲಿ ಬಂದ ಡಗೆರೋಟೈಪಿನಲ್ಲಿ ಬೆಳ್ಳಿ ಲೇಪದ ತಗಡಿನ ಮೇಲೆ ಒಂದೇ ಒಂದು ಚಿತ್ರ ಮೂಡುತ್ತಿತ್ತು, ಪ್ರತಿ ತೆಗೆಯುವಂತಿರಲಿಲ್ಲ. ಲಂಡನ್ನಿನ ಪ್ರಕಾಶಕ ಟ್ಯಾಲಿಸ್ 1850ರ ಆಸುಪಾಸಿನಲ್ಲಿ ನಟರ ಡಗೆರೋಟೈಪುಗಳನ್ನು ಕೆತ್ತನೆಗಾರರ ಕೈಗೆ ಕೊಟ್ಟು, ಉಕ್ಕಿನ ಅಚ್ಚು ಮಾಡಿಸಿ ಮಾರಿದ. ಜನರ ಕೈಗೆ ಬಂದದ್ದು ಫೋಟೊ ನೋಡಿ ಬರೆದ ಚಿತ್ರವೇ ಹೊರತು ಫೋಟೊ ಅಲ್ಲ.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಶಿಲ್ಪಿ ಗಾಜಿನ ಮೇಲೆ ನೆಗೆಟಿವ್ ತೆಗೆಯುವ ಕೊಲೋಡಿಯನ್ ವಿಧಾನವನ್ನು ಪ್ರಕಟಿಸಿದ. ಒಂದು ಗಾಜಿನಿಂದ ಬೇಕಾದಷ್ಟು ಪ್ರತಿ. ಆತ ಪೇಟೆಂಟ್ ಮಾಡಿಸಲಿಲ್ಲ. 1857ರಲ್ಲಿ ಬಡವನಾಗಿಯೇ ಸತ್ತ. ಪೇಟೆಂಟ್ ಬಿಡದ ಮನುಷ್ಯ ಇನ್ನೊಬ್ಬನಿದ್ದ, ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. ತನ್ನ 1841ರ ಪೇಟೆಂಟಿನೊಳಗೆ ಇದೂ ಸೇರುತ್ತದೆಂದು ಆತ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಮಾರ್ಟಿನ್ ಲರೋಶ್ ಎಂಬ ಸ್ಟುಡಿಯೋದವನ ಮೇಲೆ ದಾವೆ ಹೂಡಿದ. 1854ರ ಡಿಸೆಂಬರಿನಲ್ಲಿ ಲರೋಶ್ ಗೆದ್ದ. ಅಲ್ಲಿಂದಾಚೆಗೆ ಗಾಜು, ರಸಾಯನ ಕೊಳ್ಳಬಲ್ಲ ಯಾರು ಬೇಕಾದರೂ ಸ್ಟುಡಿಯೋ ತೆರೆಯಬಹುದಿತ್ತು.

ಇದೇ ಲರೋಶ್‌ನ ಕ್ಯಾಮರಾದ ಮುಂದೆ 1856ರಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಆಟಿಕೆ ಗಾಡಿಯ ಹಿಡಿ ಹಿಡಿದು ನಿಂತಳು. ಚಾರ್ಲ್ಸ್ ಕೀನ್ ಆಡಿಸಿದ ಷೇಕ್ಸ್‌ಪಿಯರನ 'ವಿಂಟರ್ಸ್ ಟೇಲ್' ನಾಟಕದಲ್ಲಿ ಅವಳದು ರಾಜಕುಮಾರನ ಪಾತ್ರ. ಮೊದಲ ಪ್ರದರ್ಶನದ ರಾತ್ರಿ ಅದೇ ಗಾಡಿಗೆ ಎಡವಿ ಬಿದ್ದು, ತನ್ನ ರಂಗಜೀವನ ಅಲ್ಲಿಗೇ ಮುಗಿಯಿತೆಂದು ಅತ್ತವಳು ಅವಳು. ಹೆಸರು ಎಲೆನ್ ಟೆರಿ. ಮುಂದೆ ಇಂಗ್ಲಿಷ್ ರಂಗಭೂಮಿಯ ರಾಣಿಯಾದಳು.

ಪಟ ಅಂಗಡಿಯ ಸರಕಾದದ್ದು ಪ್ಯಾರಿಸ್ಸಿನ ಆಂದ್ರೆ ದಿಸ್ದೇರಿಯಿಂದ. 1854ರಲ್ಲಿ ಆತ ಪೇಟೆಂಟ್ ಪಡೆದ ವಿಧಾನ ಸರಳವಾದದ್ದು. ಒಂದೇ ಗಾಜಿನ ಮೇಲೆ ಎಂಟು ಸಣ್ಣ ಚಿತ್ರ, ಒಂದು ಹಾಳೆಗೆ ಅಚ್ಚು ಹಾಕಿ ಕತ್ತರಿಸಿದರೆ ಎಂಟು ಪಟ. ಅದನ್ನು ಅಂಟಿಸುವ ರಟ್ಟು ಭೇಟಿಯ ಚೀಟಿಯಷ್ಟು, ಅಂದರೆ ಸುಮಾರು 10 ಸೆಂಟಿಮೀಟರ್ ಎತ್ತರ, 6 ಸೆಂಟಿಮೀಟರ್ ಅಗಲ. ಹೆಸರೂ ಅದೇ, ಕಾರ್ಟ್ ದ ವಿಸಿಟ್. 1860ರ ಆಗಸ್ಟಿನಲ್ಲಿ ಲಂಡನ್ನಿನ ಮೇಯಾಲ್ ಎಂಬ ಛಾಯಾಗ್ರಾಹಕ ವಿಕ್ಟೋರಿಯಾ ರಾಣಿಯ ಕುಟುಂಬದ ಇಂಥ ಪಟಗಳನ್ನು ಮಾರಾಟಕ್ಕಿಟ್ಟ ಮೇಲೆ ಹುಚ್ಚು ಹತ್ತಿತು. ರಾಣಿಯೇ ಅಂಗಡಿಯಲ್ಲಿ ಕುಳಿತ ಮೇಲೆ ಬೇರೆಯವರಿಗೇನು ಸಂಕೋಚ? ಮನೆಮನೆಗೂ ಆಲ್ಬಂ ಬಂತು. ಅದರ ಹಾಳೆಗಳಲ್ಲಿ ಅತ್ತೆ, ಮಾವ, ಮಗುವಿನ ಜತೆಗೆ ಎಂದೂ ಮನೆಗೆ ಬರಮಾಡಿಕೊಳ್ಳದ ನಟಿಯೂ ಸೇರಿದಳು.

ಪ್ಯಾರಿಸ್ಸಿನಿಂದ ಬಂದ ಕಮೀಲ್ ಸಿಲ್ವಿ 1859ರಿಂದ 1868ರವರೆಗೆ ಲಂಡನ್ನಿನ ಪೋರ್ಚೆಸ್ಟರ್ ಟೆರೇಸಿನಲ್ಲಿ ಸುಮಾರು 17,000 ಸಲ ಜನರನ್ನು ಕೂರಿಸಿ ಪಟ ತೆಗೆದ. ಪ್ರತಿಯೊಂದರ ಪ್ರತಿ ಅಂಟಿಸಿಟ್ಟ ಅವನ ದಿನಚರಿ ಪುಸ್ತಕಗಳು ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿವೆ. ಡ್ಯೂಕು, ಡಚೆಸ್ಸುಗಳ ನಡುವೆ 1861ರ ಒಂದು ಪುಟದಲ್ಲಿ ಹದಿನೆಂಟರ ಗಾಯಕಿ ಅಡೆಲಿನಾ ಪಾಟಿ ತನ್ನ ಒಪೆರಾ ಪಾತ್ರದ ವೇಷದಲ್ಲೇ ನಿಂತಿದ್ದಾಳೆ. ಆಕೆ ಕಾವೆಂಟ್ ಗಾರ್ಡನ್ನಿನಲ್ಲಿ ಮೊದಲ ಸಲ ಹಾಡಿದ್ದು ಅದೇ ವರ್ಷ. ಹೆಸರು ಬಂದ ಬೆನ್ನಿಗೇ ಪಟ ಬರಬೇಕೆಂಬುದು ಅಷ್ಟು ಬೇಗ ರೂಢಿಯಾಗಿತ್ತು.

1866ರಲ್ಲಿ ಇನ್ನೂ ದೊಡ್ಡ ಕ್ಯಾಬಿನೆಟ್ ಕಾರ್ಡು ಬಂತು. ಮುಖ ದೊಡ್ಡದಾಯಿತು, ಮುಖದ ಸುಕ್ಕೂ ದೊಡ್ಡದಾಯಿತು. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿ ವಯಸ್ಸು ಇಳಿಸುವುದೇ ಒಂದು ಕಸುಬಾಯಿತು.

ಗಾಜಿನ ಮಾಳಿಗೆಯಲ್ಲಿ

ಪಟ ತೆಗೆಸಿಕೊಳ್ಳುವುದೆಂದರೆ ಮೊದಲು ಮಹಡಿ ಹತ್ತಬೇಕು. ಸೂರ್ಯನ ಬೆಳಕನ್ನೇ ನಂಬಿದ ಕಸುಬಾದ್ದರಿಂದ ಸ್ಟುಡಿಯೋ ಇರುತ್ತಿದ್ದದ್ದು ಕಟ್ಟಡದ ನೆತ್ತಿಯಲ್ಲಿ, ಗಾಜಿನ ಸೂರಿನಡಿ. ಲಂಡನ್ನಿನ ಚಳಿಗಾಲದ ಮಂಜಿನಲ್ಲಿ ಎಷ್ಟೋ ದಿನ ಕೆಲಸವೇ ಸಾಗುತ್ತಿರಲಿಲ್ಲ.

ಪಕ್ಕದ ಕತ್ತಲೆ ಕೋಣೆಯಲ್ಲಿ ಸಹಾಯಕ ಗಾಜಿನ ಮೇಲೆ ಅಂಟಾದ ಕೊಲೋಡಿಯನ್ ಸುರಿದು, ಓರೆ ಮಾಡಿ ಎಲ್ಲ ಕಡೆಗೂ ಹರಿಸಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ ತರುತ್ತಿದ್ದ. ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಒದ್ದೆಯಾಗಿರುವಾಗಲೇ ತೊಳೆದು ಮೂಡಿಸಬೇಕು. ಒಣಗಿದರೆ ಕೆಟ್ಟಿತು. ಹಾಗಾಗಿ ಗಾಜು ತಯಾರಾದ ಗಳಿಗೆಗೆ ನಟಿಯೂ ತಯಾರಿರಬೇಕು. ಭಾವ ಬಂದಾಗ ಗಾಜಿಲ್ಲ, ಗಾಜು ಬಂದಾಗ ಭಾವವಿಲ್ಲ ಎಂಬ ಪಾಡು.

ಲೆನ್ಸಿನ ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚುವುದೇ ಶಟರು. ಹಲವು ಸೆಕೆಂಡುಗಳು ಅಲುಗಾಡುವಂತಿಲ್ಲ. ಬೆನ್ನ ಹಿಂದೆ ಕಬ್ಬಿಣದ ಕಂಬ, ಅದರ ತುದಿಯಲ್ಲಿ ತಲೆಗೆ ಆನಿಸುವ ಇಕ್ಕಳ. ಹಳೆಯ ಪಟಗಳಲ್ಲಿ ನಿಂತವರ ಪಾದಗಳ ನಡುವೆ ಕಣ್ಣಿಟ್ಟು ಹುಡುಕಿದರೆ ಆ ಕಂಬದ ಬುಡ ಇಣುಕುವುದುಂಟು. ಈಟಿಯೆತ್ತಿದ ವೀರ, ಮೂರ್ಛೆ ಹೋಗುತ್ತಿರುವ ನಾಯಕಿ, ಎಲ್ಲರೂ ಇಕ್ಕಳಕ್ಕೆ ಸಿಕ್ಕವರೇ. ಹೀಗಾಗಿ ಆ ಕಾಲದ ಅಭಿನಯ ಮರಗಟ್ಟಿದ್ದಾಗಿತ್ತು ಎಂದು ಈ ಪಟಗಳನ್ನು ನೋಡಿ ತೀರ್ಪು ಕೊಡುವುದು ಅನ್ಯಾಯ. ಮರಗಟ್ಟಿಸಿದ್ದು ರಸಾಯನ.

ಬಣ್ಣದ ವಿಷಯದಲ್ಲೂ ಇದೇ ಮೋಸ. ಕೊಲೋಡಿಯನ್ನಿಗೆ ನೀಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಆಕಾಶನೀಲಿಯ ರೇಷ್ಮೆ ಬಿಳಿಚಿಕೊಳ್ಳುತ್ತಿತ್ತು. ಕೆಂಪು ಮಖಮಲ್ಲು, ಹಳದಿ ಜರಿ ಕಪ್ಪಾಗುತ್ತಿದ್ದವು. ರಾತ್ರಿ ರಂಗದ ಮೇಲೆ ಬೆಂಕಿಯಂತೆ ಹೊಳೆದ ವೇಷ ಬೆಳಗಾಗಿ ಸ್ಟುಡಿಯೋಗೆ ಬಂದರೆ ಶೋಕದ ಬಟ್ಟೆ. ಬುದ್ಧಿವಂತ ನಟಿಯರು ಪಟಕ್ಕೆಂದೇ ಬೇರೆ ಬಣ್ಣದ ಉಡುಪು ಆರಿಸಿಕೊಳ್ಳುತ್ತಿದ್ದರು.

ಪಟದ ಕಾಗದಕ್ಕೆ ಮೊಟ್ಟೆಯ ಬಿಳಿಭಾಗದ ಲೇಪ. 1880ರ ದಶಕದಲ್ಲಿ ಜರ್ಮನಿಯ ಡ್ರೆಸ್ಡನ್ನಿನ ಒಂದು ಕಾರ್ಖಾನೆಯೇ ಈ ಕಾಗದಕ್ಕಾಗಿ ದಿನಕ್ಕೆ ಸುಮಾರು 60,000 ಮೊಟ್ಟೆ ಒಡೆಯುತ್ತಿತ್ತು. ಆ ಲೇಪ ಕಾಲಕ್ರಮದಲ್ಲಿ ಹಳದಿಗಟ್ಟುತ್ತದೆ. ಹಳೆಯ ಕಾಲವೆಂದರೆ ಕಂದು ಬಣ್ಣ ಎಂದು ಸಿನಿಮಾದವರು ಇವತ್ತಿಗೂ ನಂಬಿರುವುದಕ್ಕೆ ಒಂದು ಕಾರಣ ಈ ಮೊಟ್ಟೆ.

1877ರಲ್ಲಿ ಹೆನ್ರಿ ವಾನ್ ಡರ್ ವೇಡ್ ಎಂಬಾತ ರೀಜೆಂಟ್ ಸ್ಟ್ರೀಟಿನ ತನ್ನ ಸ್ಟುಡಿಯೋಗೆ ವಿದ್ಯುತ್ ದೀಪ ತಂದ. ಅದೇ ಹೊತ್ತಿಗೆ ಒಣ ಜೆಲಟಿನ್ ಗಾಜುಗಳು ಪೇಟೆಗೆ ಬಂದು ಎಣಿಕೆಯ ಕಾಲ ಇಳಿಯಿತು. ಈ ವಾನ್ ಡರ್ ವೇಡ್‌ನ ಒಂದು ಪಟದಲ್ಲಿ ನಟ ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಸಜ್ಜನ ಡಾಕ್ಟರ್ ಜೆಕಿಲ್ ಆಗಿ ನೆಟ್ಟಗೆ ನಿಂತಿದ್ದಾನೆ. ಅವನ ಮೈಯೊಳಗಿಂದಲೇ ಹೊರಬಿದ್ದಂತೆ ಕುಗ್ಗಿ, ಹಲ್ಲು ಕಿರಿದ ಹೈಡ್, ಅದೇ ಡಾಕ್ಟರನ ಕೆಟ್ಟ ರೂಪ. ಒಂದೇ ಗಾಜಿನ ಮೇಲೆ ಎರಡು ಸಲ ತೆಗೆದ ಚಿತ್ರ. ರಂಗದ ಮೇಲೆ ಮ್ಯಾನ್ಸ್‌ಫೀಲ್ಡ್ ಇಬ್ಬರನ್ನೂ ಒಟ್ಟಿಗೆ ತೋರಿಸುವಂತಿರಲಿಲ್ಲ. ಪಟ ನಾಟಕವನ್ನು ದಾಟಿ ಹೋದ ಅಪರೂಪದ ಉದಾಹರಣೆ ಇದು.

ಮೊಸಳೆ, ಮಮ್ಮಿ, ಸರೋನಿ

ಈ ಕಸುಬಿನ ಸಾರ್ವಭೌಮ ಇದ್ದದ್ದು ನ್ಯೂಯಾರ್ಕಿನಲ್ಲಿ. ಹೆಸರು ನೆಪೋಲಿಯನ್ ಸರೋನಿ. ಕೆನಡಾದ ಕ್ವಿಬೆಕ್ಕಿನಲ್ಲಿ ಹುಟ್ಟಿದ್ದು 1821ರಲ್ಲಿ, ಫ್ರಾನ್ಸಿನ ಚಕ್ರವರ್ತಿ ಸತ್ತ ವರ್ಷ. ಆಳು ಗಿಡ್ಡ, ಗತ್ತು ಮಾತ್ರ ಆ ನೆಪೋಲಿಯನ್ನನದೇ. ಯೂನಿಯನ್ ಸ್ಕ್ವೇರಿನ ಅವನ ಸ್ಟುಡಿಯೋಗೆ ಕಾಲಿಟ್ಟವರಿಗೆ ಮೊದಲು ಎದುರಾಗುತ್ತಿದ್ದದ್ದು ಹುಲ್ಲು ತುಂಬಿದ ಮೊಸಳೆ, ಈಜಿಪ್ಟಿನ ಮಮ್ಮಿ, ಕವಚ, ವಿಗ್ರಹ, ಜಮಖಾನೆ. ಅರ್ಧ ಗುಜರಿ, ಅರ್ಧ ಅರಮನೆ.

ಸರೋನಿಗೆ ಹೆಸರು ತಂದವಳು ಅಡಾ ಐಸಾಕ್ಸ್ ಮೆಂಕೆನ್. ಬೈರನ್ನನ ಕಾವ್ಯದಿಂದ ಮಾಡಿದ 'ಮಜೆಪ್ಪಾ' ನಾಟಕದಲ್ಲಿ ಆಕೆ ಗಂಡು ಪಾತ್ರ ಮಾಡುತ್ತಿದ್ದಳು. ಮೈಬಣ್ಣದ ಬಿಗಿಯುಡುಪು ತೊಟ್ಟು, ಕುದುರೆಯ ಬೆನ್ನಿಗೆ ಕಟ್ಟಿಸಿಕೊಂಡು, ರಂಗದ ಮೇಲೆ ಕಟ್ಟಿದ ಬೆಟ್ಟ ಹತ್ತುವ ದೃಶ್ಯಕ್ಕೆ ಜನ ಮುಗಿಬಿದ್ದರು. ಬೆತ್ತಲೆ ಎಂದು ಜಾಹೀರಾಗಿದ್ದದ್ದು ಆ ಬಿಗಿಯುಡುಪೇ. 1860ರ ದಶಕದ ನಡುವೆ, ಸರೋನಿ ಇನ್ನೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ, ಆಕೆ ಅವನ ಸ್ಟುಡಿಯೋಗೆ ಬಂದಳು. ಮುಂದಿನದು ಸರೋನಿಯೇ ಹೇಳಿಕೊಂಡ ಕಥೆ. ಇದುವರೆಗಿನ ಪಟಗಳೆಲ್ಲ ಕೆಟ್ಟದಾಗಿವೆ, ಹೇಗೆ ನಿಲ್ಲಬೇಕೆಂದು ನಾನೇ ನಿರ್ಧರಿಸುತ್ತೇನೆ ಎಂದಳಂತೆ ಮೆಂಕೆನ್. ಸರಿ, ಎಂಟು ನಿಮ್ಮಿಷ್ಟ, ಎಂಟು ನನ್ನಿಷ್ಟ ಎಂದನಂತೆ ಇವನು. ಪ್ರತಿಗಳನ್ನು ನೋಡಿ ಆಕೆ ತನ್ನ ಎಂಟನ್ನು ಬಿಸಾಡಿ, ಅವನ ಎಂಟನ್ನು ಎದೆಗಪ್ಪಿಕೊಂಡಳಂತೆ. ಹೇಳಿದವನು ಸರೋನಿ ಎಂಬುದನ್ನು ಮರೆಯದೆ ಕೇಳಬೇಕಾದ ಕಥೆ ಇದು.

ಆದರೂ ಅದರಲ್ಲೊಂದು ನಿಜವಿದೆ. ಸಾವಿರ ಜನರ ಮುಂದೆ, ಕೊನೆಯ ಸಾಲಿಗೂ ಕಾಣುವಂತೆ ಕೈ ಬೀಸಿದವರಿಗೆ ಮಾರು ದೂರದ ಲೆನ್ಸಿಗೆ ಏನು ತೋರಿಸಬೇಕೆಂದು ತಿಳಿಯುತ್ತಿರಲಿಲ್ಲ. ಸರೋನಿ ಕ್ಯಾಮರಾ ಮುಟ್ಟುತ್ತಲೇ ಇರಲಿಲ್ಲ. ಅದಕ್ಕೆ ಬೆಂಜಮಿನ್ ರಿಚರ್ಡ್‌ಸನ್ ಎಂಬ ಆಳಿದ್ದ. ಯಜಮಾನ ಮಾತಾಡುತ್ತ, ಕುಣಿಯುತ್ತ, ತಾನೇ ಅಭಿನಯಿಸಿ ತೋರಿಸುತ್ತ ನಟರಿಂದ ಬೇಕಾದ ಭಂಗಿ ಹೊರಡಿಸುತ್ತಿದ್ದ. ಈಗಿನ ಮಾತಿನಲ್ಲಿ ಹೇಳುವುದಾದರೆ ಅವನು ಛಾಯಾಗ್ರಾಹಕನಲ್ಲ, ನಿರ್ದೇಶಕ. ಹಿಂದಿನ ಪರದೆಗಳನ್ನು ಬರೆದುಕೊಡುತ್ತಿದ್ದ ಲಫಾಯೆಟ್ ಸೀವಿ ನಾಟಕಗಳಿಗೂ ಪರದೆ ಬರೆಯುತ್ತಿದ್ದವನು. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳಲ್ಲಿ ಮದುವೆಯ ಜೋಡಿಗಳ ಹಿಂದೆ ತೂಗುತ್ತಿದ್ದ ಮೆಟ್ಟಿಲು, ಕಂಬ, ಹೂದಾನಿಯ ಪರದೆಗಳೂ ಇದೇ ವಂಶದವು.

ಪುಕ್ಕಟೆ ಕೂತರೆ ಮುಖ ಹೋಯಿತು

ಸಾಮಾನ್ಯ ಜನ ಪಟಕ್ಕೆ ಕೂತರೆ ಹಣ ಕೊಡಬೇಕು. ಹೆಸರಾದವರು ಕೂತರೆ? ಬ್ರಿಟನ್ನಿನಲ್ಲಿ 1862ರ ಲಲಿತಕಲಾ ಕಾಪಿರೈಟ್ ಕಾಯ್ದೆ ಫೋಟೊಗಳಿಗೂ ರಕ್ಷಣೆ ಕೊಟ್ಟಿತು. ಹಣ ಕೊಟ್ಟು ತೆಗೆಸಿಕೊಂಡರೆ ಹಕ್ಕು ತೆಗೆಸಿಕೊಂಡವರದು. ಇಲ್ಲದಿದ್ದರೆ ತೆಗೆದವನದು. ಸ್ಟುಡಿಯೋಗಳು ನಟಿಯರನ್ನು ಆದರದಿಂದ ಪುಕ್ಕಟೆ ಕರೆದು, ಕೂರಿಸಿ, ಕೈಗೆ ಒಂದಿಷ್ಟು ಪ್ರತಿ ಕೊಟ್ಟು ಕಳಿಸುತ್ತಿದ್ದದ್ದರ ಗುಟ್ಟು ಇಲ್ಲಿದೆ. ಸ್ಟೇಷನರ್ಸ್ ಹಾಲಿನಲ್ಲಿ ಪಟವನ್ನು ನೋಂದಾಯಿಸಿಬಿಟ್ಟರೆ ಮುಂದಿನ ಮಾರಾಟವೆಲ್ಲ ಸ್ಟುಡಿಯೋದ್ದು. ಆ ನೋಂದಣಿ ಅರ್ಜಿಗಳು, ಎಷ್ಟೋ ಕಡೆ ಪಟಗಳ ಸಮೇತ, ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ.

ನಟಿಗೇನು ಲಾಭ? ಕಿಟಕಿಯಲ್ಲಿ ಮುಖ ಇದ್ದರೆ ಥಿಯೇಟರಿಗೆ ಜನ. ಅದು ಸುಳ್ಳಲ್ಲ. ಜಾಣರು ಮಾತ್ರ ದರ ಕೇಳಿದರು. ಫ್ರಾನ್ಸಿನ ಸಾರಾ ಬರ್ನಾರ್ಡ್ 1880ರಲ್ಲಿ ಅಮೆರಿಕಕ್ಕೆ ಬಂದಾಗ ಸರೋನಿ 1,500 ಡಾಲರ್ ತೆತ್ತು ಕೂರಿಸಬೇಕಾಯಿತು. ಲಿಲ್ಲಿ ಲ್ಯಾಂಗ್‌ಟ್ರಿಗೆ ಕೊಟ್ಟದ್ದು 5,000 ಎನ್ನುತ್ತಾರೆ. ಲ್ಯಾಂಗ್‌ಟ್ರಿಯದು ತಲೆಕೆಳಗಾದ ದಾರಿ. ಮೊದಲು ಪಟಗಳಿಂದ ಹೆಸರಾದಳು, ಆಮೇಲೆ, 1881ರ ಕೊನೆಯಲ್ಲಿ, ರಂಗ ಹತ್ತಿದಳು. ಮರುವರ್ಷವೇ ಪಿಯರ್ಸ್ ಸೋಪಿನ ಜಾಹೀರಾತಿಗೂ ಅವಳ ಹೆಸರು ಬಂತು.

ಸಾರಾ ಬರ್ನಾರ್ಡಳಿಗೆ ಪಟದ ಶಕ್ತಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1864ರ ಸುಮಾರಿನಲ್ಲಿ, ಇನ್ನೂ ಹೆಸರಿಲ್ಲದ ಇಪ್ಪತ್ತರ ಹುಡುಗಿಯಾಗಿ ಪ್ಯಾರಿಸ್ಸಿನ ಛಾಯಾಗ್ರಾಹಕ ನಾದಾರ್‌ನ ಮುಂದೆ ಬರಿಯ ಒಂದು ಹೊದಿಕೆ ಸುತ್ತಿಕೊಂಡು ಕೂತಳು. ಆಭರಣವಿಲ್ಲ, ಪರದೆಯಿಲ್ಲ, ಪಾತ್ರವಿಲ್ಲ. ಇಷ್ಟು ವರ್ಷಗಳ ಮೇಲೂ ನನಗೆ ಈ ಇಡೀ ರಾಶಿಯಲ್ಲಿ ಒಂದೇ ಪಟ ಆರಿಸು ಎಂದರೆ ಅದನ್ನೇ ಆರಿಸುತ್ತೇನೆ. ಮುಂದೆ ಅವಳೇ ಶವಪೆಟ್ಟಿಗೆಯಲ್ಲಿ ಮಲಗಿ, ಕಣ್ಣು ಮುಚ್ಚಿ, ಸುತ್ತ ಹೂವಿಟ್ಟುಕೊಂಡು ಮೆಲಾಂದ್ರಿ ಎಂಬವನಿಂದ ಪಟ ತೆಗೆಸಿದಳು. ಅದೂ ಮಾರಾಟವಾಯಿತು. ಸಾಯುವುದಕ್ಕೆ ದಶಕಗಳ ಮೊದಲೇ ಸಾವನ್ನು ಅಂಗಡಿಗಿಟ್ಟ ತಾರೆ.

ಎಲೆನ್ ಟೆರಿಯ ಒಂದು ಪಟವನ್ನೂ ಇಲ್ಲಿ ನೆನೆಯಬೇಕು. 1888ರ ಡಿಸೆಂಬರಿನಲ್ಲಿ ಲೈಸಿಯಂ ಥಿಯೇಟರಿನಲ್ಲಿ ಆಕೆ ಲೇಡಿ ಮ್ಯಾಕ್‌ಬೆತ್ ಆದಾಗ ತೊಟ್ಟ ಹಸಿರು ನಿಲುವಂಗಿಗೆ ಸುಮಾರು ಸಾವಿರ ಜೀರಂಗಿ ರೆಕ್ಕೆಗಳನ್ನು ಹೊಲಿದಿದ್ದರು. ನಮ್ಮ ಬಯಲುಸೀಮೆಯ ಹುಡುಗರು ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದ, ಮಿರಮಿರ ಮಿಂಚುವ ಜೀರಂಗಿಗಳ ಬಳಗದ್ದೇ ಅದು. ಆ ರೆಕ್ಕೆಗಳ ಕಸೂತಿ ಭಾರತದಲ್ಲಿ ಹಳೆಯ ಕಲೆ, ಆಗ ಯುರೋಪಿನ ಸಿರಿವಂತ ಹೆಂಗಸರ ಮೋಹ. ಬೇಕರ್ ಸ್ಟ್ರೀಟಿನ ವಿಂಡೋ ಅಂಡ್ ಗ್ರೋವ್ ಸ್ಟುಡಿಯೋ ಆ ವೇಷದಲ್ಲಿ ಆಕೆಯ ಪಟಗಳನ್ನು ತೆಗೆಯಿತು. ಮೊಣಕಾಲಿನಾಚೆ ಇಳಿದ ಜಡೆ, ಉಗ್ರ ನೋಟ, ಎಲ್ಲ ಬಂದಿದೆ, ಹಸಿರಿನ ಸುಳಿವಿಲ್ಲ. ಜಾನ್ ಸಿಂಗರ್ ಸಾರ್ಜೆಂಟ್ ಆಮೇಲೆ ಬಣ್ಣದಲ್ಲಿ ಬರೆದ ಚಿತ್ರವನ್ನೂ, ಕೆಂಟ್ ಸೀಮೆಯ ಸ್ಮಾಲ್‌ಹೈದ್‌ನ ಆಕೆಯ ಮನೆಯಲ್ಲಿ ಉಳಿದು, 2011ರಲ್ಲಿ ರಿಪೇರಿಯಾದ ಆ ನಿಲುವಂಗಿಯನ್ನೂ ಪಟದ ಜತೆಗಿಟ್ಟು ನೋಡಿದಾಗಲೇ ಅಂದಿನ ಪ್ರೇಕ್ಷಕರು ಕಂಡದ್ದೇನೆಂದು ಅಂದಾಜಾಗುವುದು.

ಹದಿನೆಂಟನೆಯ ನಂಬರು

1882ರ ಜನವರಿಯಲ್ಲಿ ಆಸ್ಕರ್ ವೈಲ್ಡ್ ನ್ಯೂಯಾರ್ಕಿಗೆ ಬಂದಿಳಿದ. ಆಗಿನ್ನೂ ಹೆಸರು ಮಾಡಿದ ನಾಟಕ ಒಂದನ್ನೂ ಬರೆದಿರಲಿಲ್ಲ. ಸೌಂದರ್ಯೋಪಾಸಕರನ್ನು ಗೇಲಿ ಮಾಡುವ 'ಪೇಷನ್ಸ್' ಎಂಬ ಸಂಗೀತ ನಾಟಕ ಅಲ್ಲಿ ಆಡುತ್ತಿತ್ತು. ಗೇಲಿ ಅರ್ಥವಾಗಬೇಕಾದರೆ ಗೇಲಿಗೊಳಗಾದವರ ಮಾದರಿ ಕಾಣಬೇಕಲ್ಲ ಎಂದು ನಾಟಕದ ಮಾಲೀಕ ಡಾಯ್ಲಿ ಕಾರ್ಟ್ ಇವನನ್ನು ಭಾಷಣ ಪ್ರವಾಸಕ್ಕೆ ಕರೆಸಿದ್ದ. ಮೊಣಕಾಲಿನವರೆಗಿನ ಚಲ್ಲಣ, ರೇಷ್ಮೆ ಕಾಲ್ಚೀಲ, ಮಖಮಲ್ಲಿನ ಕೋಟು, ಭುಜಕ್ಕಿಳಿದ ಕೂದಲು. ವೇದಿಕೆ ಹತ್ತಿದ ಈ ವೈಲ್ಡ್ ತಾನೇ ಒಂದು ಪಾತ್ರ.

ಸರೋನಿ ಅವನ 27 ಪಟ ತೆಗೆದ. ಹದಿನೆಂಟನೆಯದರಲ್ಲಿ ವೈಲ್ಡ್ ಮುಂದಕ್ಕೆ ಬಾಗಿ, ಕೈಯಲ್ಲೊಂದು ಪುಸ್ತಕ ಹಿಡಿದು, ಕೆನ್ನೆಗೆ ಕೈಯಾನಿಸಿ ಕೂತಿದ್ದಾನೆ. ಬರೋ-ಜೈಲ್ಸ್ ಎಂಬ ಕಲ್ಲಚ್ಚಿನ ಕಂಪನಿ ಅದನ್ನು ಕೇಳದೆ ನಕಲು ಮಾಡಿ 85,000 ಪ್ರತಿ ಹೊಡೆಯಿತು. ಹೆಂಗಸರ ಟೋಪಿ ಮಾರುವ ಅಂಗಡಿಯ ಜಾಹೀರಾತಿಗೂ ಅದು ಹೋಯಿತು. ಸರೋನಿ ಕೋರ್ಟಿಗೆ ಹೋದ.

ಕಂಪನಿಯ ವಾದ ಹಗುರವಾದದ್ದಲ್ಲ. ಪುಸ್ತಕ ಬರೆದವನು ಲೇಖಕ, ಒಪ್ಪಿದೆವು. ಆದರೆ ಇಲ್ಲಿ ಚಿತ್ರ ಬರೆದದ್ದು ಬೆಳಕು ಮತ್ತು ಯಂತ್ರ, ಇದರಲ್ಲಿ ಕರ್ತೃ ಯಾರು? ಅಮೆರಿಕದ ಸುಪ್ರೀಂ ಕೋರ್ಟು 1884ರ ಮಾರ್ಚ್ 17ರಂದು ಉತ್ತರ ಕೊಟ್ಟಿತು. ವೈಲ್ಡ್‌ನನ್ನು ಕೂರಿಸಿದ್ದು, ಉಡುಪು ಆರಿಸಿದ್ದು, ಪರದೆ ಇಳಿಬಿಟ್ಟದ್ದು, ನೆರಳುಬೆಳಕು ಹೊಂದಿಸಿದ್ದು, ಮುಖಕ್ಕೆ ಆ ಭಾವ ತರಿಸಿದ್ದು ಸರೋನಿ. ಆದ್ದರಿಂದ ಕರ್ತೃ ಅವನೇ. 610 ಡಾಲರ್ ಪರಿಹಾರ ಸಿಕ್ಕಿತು. ಫೋಟೊ ಒಂದು ಕೃತಿ, ತೆಗೆದವನು ಅದರ ಕರ್ತೃ ಎಂಬ ಮಾತು ಅಮೆರಿಕದಲ್ಲಿ ಗಟ್ಟಿಯಾದದ್ದು ಹೀಗೆ.

ಈ ತೀರ್ಪನ್ನು ಓದಿದರೆ ನಗು ಬರದಿರದು. ಭಂಗಿಯೇ ಬಂಡವಾಳವಾಗಿದ್ದ ಮನುಷ್ಯ ವೈಲ್ಡ್. ಬಟ್ಟೆ ಅವನದು, ಕೂದಲು ಅವನದು, ಆ ಆಲಸ್ಯದ ನೋಟ ಆಕ್ಸ್‌ಫರ್ಡಿನಿಂದಲೇ ರೂಢಿಸಿಕೊಂಡು ಬಂದದ್ದು. ಕೋರ್ಟಿನ ಲೆಕ್ಕದಲ್ಲಿ ಅವನು ಸ್ಟುಡಿಯೋದ ಕುರ್ಚಿ, ಪುಸ್ತಕಗಳ ಸಾಲಿನಲ್ಲಿ ಸೇರಿಹೋದ. ಇನ್ನು ಕ್ಯಾಮರಾ ನಡೆಸಿದ ರಿಚರ್ಡ್‌ಸನ್ನನ ಸುದ್ದಿ ಯಾರೂ ಎತ್ತಲಿಲ್ಲ.

ಬೇಡ ಎನ್ನುವ ಹಕ್ಕು

ತೆಗೆದವನ ಹಕ್ಕಿನ ಕಥೆ ಇದಾದರೆ, ಇದರ ಇನ್ನೊಂದು ಎಳೆ ಫ್ರಾನ್ಸಿನಿಂದ ಶುರುವಾಗುತ್ತದೆ. ಅಲ್ಲಿನ ಮಹಾನಟಿ ರಾಶೆಲ್ 1858ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡಳು. ಮರಣಶಯ್ಯೆಯ ಪಟವೊಂದನ್ನು ಕುಟುಂಬದವರು ತಮಗಾಗಿ ಮಾತ್ರ ತೆಗೆಸಿದ್ದರು. ಸ್ವಲ್ಪ ದಿನಕ್ಕೆ ಅದರಂತೆಯೇ ಇರುವ ಚಿತ್ರವೊಂದು ಪತ್ರಿಕೆಯಲ್ಲಿ ಬಂತು, ಮಾರಾಟಕ್ಕೂ ಬಂತು. ಬರೆದವರು ಓ'ಕಾನೆಲ್ ಎಂಬ ಚಿತ್ರಗಾರ್ತಿ. ರಾಶೆಲ್‌ಳ ಅಕ್ಕ ದಾವೆ ಹೂಡಿದಳು. ಆ ವರ್ಷದ ಜೂನ್ 16ರಂದು ಪ್ಯಾರಿಸ್ಸಿನ ನ್ಯಾಯಾಲಯ ಆಕೆಯ ಪರ ನಿಂತಿತು. ಎಷ್ಟೇ ಹೆಸರಾದವರಿರಲಿ, ಸಾಯುವಾಗಿನ ಮುಖ ಪೇಟೆಯದಲ್ಲ, ಮನೆಯವರದು.

1867ರಲ್ಲಿ ಮತ್ತೆ ಮೆಂಕೆನ್. ಪ್ಯಾರಿಸ್ಸಿನಲ್ಲಿ ಆಕೆ ಅರವತ್ತು ದಾಟಿದ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾನ ಜತೆ ಪಟ ತೆಗೆಸಿಕೊಂಡಳು. ಆತ ಕೋಟು ಬಿಚ್ಚಿ ಕೂತಿದ್ದಾನೆ, ಈಕೆ ಅವನಿಗೆ ಒರಗಿದ್ದಾಳೆ. ತೆಗೆದ ಲಿಬೇರ್ ಅದನ್ನು ಅಂಗಡಿಗಿಟ್ಟ. ಊರೆಲ್ಲ ನಕ್ಕಿತು. ಡ್ಯೂಮಾ ಕೆಳಗಿನ ಕೋರ್ಟಿನಲ್ಲಿ ಸೋತ. ಮೇಲ್ಮನವಿಯಲ್ಲಿ ನ್ಯಾಯಾಧೀಶರು ಅವನ ಮಾತು ಒಪ್ಪಿದರು. ಆ ಗಳಿಗೆಯಲ್ಲಿ ಒಪ್ಪಿಗೆ ಕೊಟ್ಟವನು ಪಟ ಹೊರಬಿದ್ದ ಮೇಲೆ ತನ್ನ ಮಾನ ಹೋಗುವುದನ್ನು ಕಂಡು ಒಪ್ಪಿಗೆ ವಾಪಸು ಪಡೆಯಬಹುದು. ಇವತ್ತಿಗೂ ಪೂರ್ತಿ ಬಗೆಹರಿಯದ ಪ್ರಶ್ನೆಗೆ ಆಗಲೇ ಸಿಕ್ಕ ದಿಟ್ಟ ಉತ್ತರ ಅದು. ಕೇಸು ಡ್ಯೂಮಾನದಾಗಿ ನಡೆಯಿತು. ಅದೇ ಪಟದಲ್ಲಿದ್ದ ಮೆಂಕೆನ್ ಮರುವರ್ಷ ಪ್ಯಾರಿಸ್ಸಿನಲ್ಲೇ ಸತ್ತಳು.

ಮೂರನೆಯವಳು ನಟಿ ಮೇರಿಯನ್ ಮನೋಲಾ. 1887ರಲ್ಲಿ ಜರ್ಮನಿಯಲ್ಲಿ ಫ್ಲಾಷ್ ಪುಡಿ ಬಂದಿತ್ತು. ಕತ್ತಲಲ್ಲೂ ಫಳ್ ಎಂದು ಬೆಳಕು. ಸ್ಟುಡಿಯೋಗೆ ಬಾರದವರನ್ನು ಸ್ಟುಡಿಯೋ ಹುಡುಕಿಕೊಂಡು ಹೋಗುವ ಕಾಲ ಬಂತು. ಮನೋಲಾ 1890ರ ಜೂನಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರಿನಲ್ಲಿ ಬಿಗಿಯುಡುಪಿನ ಪಾತ್ರ ಮಾಡುತ್ತಿದ್ದಳು. ಆ ವೇಷದ ಪಟ ಬೇಕೆಂದು ಮ್ಯಾನೇಜರು ಕೇಳಿದರೆ, ಅದು ಅಂಗಡಿ ಕಿಟಕಿಗಳಲ್ಲಿ ತೂಗುವುದು ಬೇಡವೆಂದು ಒಪ್ಪಿರಲಿಲ್ಲ. ಒಂದು ರಾತ್ರಿ ಪಕ್ಕದ ಬಾಕ್ಸಿನಿಂದ ಫ್ಲಾಷ್ ಹೊಡೆಯಿತು. ಮನೋಲಾ ಮೇಲುಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ರಂಗದಿಂದ ಓಡಿದಳು. ಓಡಿದವಳು ನಿಂತದ್ದು ಕೋರ್ಟಿನಲ್ಲಿ. ಪಟ ಹೊರಬಿಡಬಾರದೆಂದು ತಡೆಯಾಜ್ಞೆ ಸಿಕ್ಕಿತು. ಎದುರಾಳಿಗಳು ವಾದಿಸಲು ಬರಲೇ ಇಲ್ಲ.

ರಾತ್ರಿಯಿಡೀ ಸಾವಿರ ಜನರಿಗೆ ತೋರಿಸಿದ್ದನ್ನು ಪಟದಲ್ಲಿ ತೋರಿಸಲಾರೆ ಎಂದರೆ ಏನರ್ಥ ಎಂದು ಆಗ ಕೊಂಕು ನುಡಿದವರಿದ್ದರು. ಮನೋಲಾಳ ಮಾತಿನಲ್ಲಿ ಗೊಂದಲವೇನೂ ಇರಲಿಲ್ಲ. ರಂಗದ ಮೇಲೆ ಅದು ಪಾತ್ರದ ಬಟ್ಟೆ, ನಾಟಕ ಮುಗಿದರೆ ಅದೂ ಮುಗಿಯಿತು. ಪಟದಲ್ಲಿ ಅದು ಯಾರ ಕಿಸೆಯಲ್ಲಾದರೂ ಇರಬಹುದು, ಎಷ್ಟು ಕಾಲವಾದರೂ.

ಅದೇ ವರ್ಷದ ಡಿಸೆಂಬರಿನಲ್ಲಿ ಸ್ಯಾಮ್ಯುಯೆಲ್ ವಾರನ್, ಲೂಯಿಸ್ ಬ್ರಾಂಡೈಸ್ ಎಂಬ ಬಾಸ್ಟನ್ನಿನ ಇಬ್ಬರು ವಕೀಲರು 'ಹಾರ್ವರ್ಡ್ ಲಾ ರಿವ್ಯೂ' ಪತ್ರಿಕೆಯಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಲೇಖನ ಬರೆದರು. ಕ್ಷಣದಲ್ಲಿ ತೆಗೆಯುವ ಫೋಟೊಗಳೂ ಪತ್ರಿಕೆಗಳೂ ಮನೆಯೊಳಗೆ ನುಗ್ಗುತ್ತಿವೆ, ಕಾನೂನು ತಡೆಯಬೇಕು ಎಂಬುದು ಅವರ ವಾದ. ಅದರಲ್ಲಿ ಹೆಸರಿಸಿದ ತಾಜಾ ಪ್ರಕರಣ ಮನೋಲಾಳದು. ಖಾಸಗಿತನದ ಬಗ್ಗೆ ಜಗತ್ತಿನ ನ್ಯಾಯಾಲಯಗಳು ಮತ್ತೆ ಮತ್ತೆ ತಿರುವಿ ನೋಡುವ ಲೇಖನ ಅದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹಾಕಿದ ಅರ್ಜಿಯೂ ಈ ದಾರಿಗೇ ಬಂದು ಸೇರುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದಾಗ, ಆ ತೀರ್ಪಿನಲ್ಲಿ ವಾರನ್ ಮತ್ತು ಬ್ರಾಂಡೈಸರ ಲೇಖನದ ಚರ್ಚೆ ಬಂತು.

ನಟರ ಮುಖದ ವ್ಯಾಜ್ಯ ಅಲ್ಲಿಗೂ ನಿಂತಿಲ್ಲ. 2022ರಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್ ದೆಹಲಿ ಹೈಕೋರ್ಟಿಗೆ ಹೋದರು. ಕಪೂರರ ಹೆಸರು, ದನಿ, ಮುಖ, ಹಾವಭಾವಗಳನ್ನು ಕೃತಕ ಬುದ್ಧಿಮತ್ತೆ ಬಳಸಿಯೂ ಸೇರಿದಂತೆ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಆ ಪಟ್ಟಿಯಲ್ಲಿ ಅವರು ಸಿನಿಮಾಗಳಲ್ಲಿ ಎಳೆದು ಹೇಳುವ 'ಝಕಾಸ್' ಎಂಬ ಒಂದು ಪದವೂ ಇದೆ. ಕೆನ್ನೆಗಾನಿಸಿದ ಕೈಯನ್ನು ವೈಲ್ಡ್‌ನಿಂದ ಕಿತ್ತು ಸರೋನಿಗೆ ಕೊಟ್ಟ ಅಮೆರಿಕದ ನ್ಯಾಯಮೂರ್ತಿಗಳು ಈ ಆದೇಶವನ್ನು ಓದಿದ್ದರೆ ಏನೆನ್ನುತ್ತಿದ್ದರೋ!